ಪದ ಬೇಕು: ‘ವಂಶವೃಕ್ಷ’ ಅನ್ನದೆ ಏನನ್ನೋಣ? ಶುಕ್ರವಾರದೊಳಗೆ

ಎಲ್ಲರಿಗೂ ನಮಸ್ಕಾರ. ಮಧುಗಿರಿಯಿಂದ ಬರೆಯುತ್ತಿದ್ದೇನೆ, ಸ್ವಲ್ಪ ಅವಸರ ಇದೆ. ಭಾನುವಾರ ನಮ್ಮ ಮನೆದೇವರ ಗುಡಿಯಲ್ಲಿ ನೆಂಟರೆಲ್ಲ ಸೇರುತ್ತಿದ್ದಾರೆ. ಮೂರು ವರ್ಷದಿಂದ ಊರೂರು ತಿರುಗಿ ಆರು ತಲೆಮಾರಿನ ಹೆಸರು ಕೂಡಿಸಿದ್ದೇನೆ. ಅದನ್ನು ದೊಡ್ಡ ಫ್ಲೆಕ್ಸಿನಲ್ಲಿ ಹಾಕಿಸಿ ಗುಡಿಯ ಮುಂದೆ ಕಟ್ಟಬೇಕು, ಬಂದವರು ತಮಗೆ ಗೊತ್ತಿರುವ ಹೆಸರನ್ನು ಪೆನ್ನಿನಲ್ಲಿ ಸೇರಿಸಬೇಕು ಅಂತ ಆಸೆ. ಮೇಲೆ ಏನು ಬರೆಸಲಿ?

‘ವಂಶವೃಕ್ಷ’ ಬೇಡ. ನಮ್ಮ ಕಡೆ ಈ ಪದ ಕೇಳಿದರೆ ನಾಡಕಚೇರಿ ನೆನಪಾಗುತ್ತದೆ. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು ಕೇಳುವ ಕಾಗದ ಅದು. ಕೊರಟಗೆರೆಯ ನಮ್ಮ ದೊಡ್ಡಮ್ಮನಿಗೆ ಫೋನ್ ಮಾಡಿ, ವಂಶವೃಕ್ಷ ಬರೀತಿದೀನಿ ದೊಡ್ಡಮ್ಮ, ನಿಮ್ಮತ್ತೆ ಹೆಸರೇನು ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಯಾವ ಸರ್ವೆ ನಂಬರಿಗಪ್ಪಾ?” ಅಂದರು. ಸಂಜೆ ಅವರ ಮಗನೂ ಫೋನ್ ಮಾಡಿ ಅದನ್ನೇ ಕೇಳಿದ. 2005ರಿಂದ ದೇಶಕ್ಕೆಲ್ಲ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಇದೆಯಲ್ಲ, ಹಾಗಾಗಿ ಹೆಣ್ಣುಮಕ್ಕಳ ಹೆಸರು ಕೇಳಿದರಂತೂ ಅನುಮಾನ ಜಾಸ್ತಿ. ನನಗೆ ಬೇಕಿರುವುದು ಹೆಸರು, ಪಾಲಲ್ಲ. ಅದನ್ನು ಫ್ಲೆಕ್ಸಿನ ಮೊದಲ ಸಾಲೇ ಹೇಳಬೇಕು.

*

ತುಮಕೂರಿನಿಂದ:

ಸಂಸ್ಕೃತದಲ್ಲಿ ‘ವಂಶ’ ಅಂದರೆ ಬಿದಿರು ಕೂಡ. ಗಿಣ್ಣಿನ ಮೇಲೆ ಗಿಣ್ಣು ಬೆಳೆಯುವುದರಿಂದಲೇ ಪೀಳಿಗೆಗೆ ಆ ಹೆಸರು. ಬಿದಿರಿಗೆ ಮತ್ತೆ ‘ವೃಕ್ಷ’ ಸೇರಿಸುವುದು ಅರ್ಥವಿಲ್ಲದ ಕೆಲಸ. ಕನ್ನಡದಲ್ಲಿ ‘ಬುಡಕಟ್ಟು’ ಇದೆ. ಬುಡ, ಕಟ್ಟು, ಎರಡೂ ನಮ್ಮವೇ. ಬರೆಸಿ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

*

ಚಿಂತಾಮಣಿಯಿಂದ:

ಇದೆ. ಬುಡಕಟ್ಟು ಅಂದರೆ ಇವತ್ತು ಯಾರಿಗೆ ಏನು ಅರ್ಥವಾಗುತ್ತದೆ ಅಂತ ಗುಡಿಯ ಮುಂದೆ ನಿಂತು ಕೇಳಿ ನೋಡಿ. ಪದದ ಬೇರು ಶುದ್ಧವಾಗಿದ್ದರೆ ಸಾಲದು, ಓದುವವರ ತಲೆಯಲ್ಲಿ ಅದೇ ಅರ್ಥ ಇರಬೇಕು.

ನಮ್ಮ ಮನೆಯಲ್ಲಿ ತೆಲುಗು ಮಾತು, ಕಾಗದವೆಲ್ಲ ಕನ್ನಡ. ನಾನು ‘ಇಂಟಿಪೇರು’ ಹಿಡಿದು ಹುಡುಕುತ್ತೇನೆ. ಮನೆಹೆಸರು ಅಂತ ಕನ್ನಡ ಮಾಡಬಹುದು, ಆದರೆ ಮಧುಗಿರಿ ಕಡೆ ಅದಕ್ಕೆ ಬಳಕೆ ಇರಲಿಕ್ಕಿಲ್ಲ.

*

ಶಿರಾದಿಂದ:

ನಮ್ಮಲ್ಲಿ ಈ ಕೆಲಸಕ್ಕೇ ಒಂದು ಜನ ಇದ್ದಾರಲ್ಲ, ಹೆಳವರು! ಎತ್ತಿನ ಮೇಲೆ ಕೂತು ಮನೆ ಮುಂದೆ ಬಂದು ನಿಮ್ಮ ಮುತ್ತಾತನ ಮುತ್ತಾತನ ಹೆಸರು ಹೇಳುತ್ತಿದ್ದರು, ಹುಟ್ಟಿದ ಮಗುವಿನ ಹೆಸರನ್ನು ತಮ್ಮ ಹೊತ್ತಿಗೆಗೆ ಸೇರಿಸಿಕೊಂಡು ಹೋಗುತ್ತಿದ್ದರು. ಹೇಳುವವನು ಹೆಳವ. ಹಾಗಾದರೆ ಈ ಹವ್ಯಾಸಕ್ಕೆ ‘ಹೆಳವಿಕೆ’ ಅನ್ನಬಾರದೇಕೆ?

*

ತುಮಕೂರಿನಿಂದ:

ತಪ್ಪು. ಹೆಳವ ಅಂದರೆ ಕುಂಟ. 1894ರ ಕಿಟ್ಟೆಲ್ ನಿಘಂಟು ತೆಗೆದು ನೋಡಿ. ಕಿವಿಗೆ ಹೊಂದಿತು ಅಂತ ‘ಹೇಳು’ವಿಗೆ ತಂದು ಕಟ್ಟಬೇಡಿ.

ಇನ್ನೊಂದು ಮಾತು. ಪ್ರಶ್ನೆ ಕೇಳಿದವರ ಪತ್ರದಲ್ಲೇ ಪೌತಿ, ಖಾತೆ, ಸರ್ವೆ. ಹಳೇ ಪತ್ರಗಳಲ್ಲಿ ‘ಬಿನ್’. ಅದು ಅರಬ್ಬಿ. ನಮ್ಮ ಅಪ್ಪ ಯಾರು ಅಂತ ಹೇಳಲೂ ಹೊರಗಿನ ಪದವೇ ಬೇಕಾ? ಫ್ಲೆಕ್ಸಿನಲ್ಲಾದರೂ ಅದನ್ನು ತೆಗೆಯಿರಿ.

*

ಚಿಂತಾಮಣಿಯಿಂದ:

ಬಿನ್ ತೆಗೆದರೆ ನನ್ನ ಮುತ್ತಾತನೇ ಸಿಗುತ್ತಿರಲಿಲ್ಲ. ಒಂದೇ ಊರು, ಒಂದೇ ಹೆಸರು, ಮೂವರು. ಯಾರು ಯಾರ ಮಗ ಅಂತ ಗೊತ್ತಾದದ್ದು ಆ ಪುಟ್ಟ ಪದದಿಂದ. ಶಾನುಭೋಗರು ಬರೆದದ್ದನ್ನು ಹೊಲ ಉಳುವವರು ನಾಲಿಗೆಗೆ ತಂದುಕೊಂಡಿದ್ದಾರೆ, ಪೌತಿಗೆ ಇವತ್ತು ನೀವು ಬೇರೆ ಪದ ಕೊಟ್ಟರೂ ಅವರು ಪೌತಿ ಅಂತಲೇ ಅನ್ನುತ್ತಾರೆ. ನಮ್ಮ ಜನ ನೂರಾರು ವರ್ಷ ಆಡಿದ ಮಾತು ನಮ್ಮದೇ.

*

ಗೌರಿಬಿದನೂರಿನಿಂದ:

ಜಗಳ ಆಮೇಲೆ ಮಾಡಿ, ಅವರಿಗೆ ಶುಕ್ರವಾರದೊಳಗೆ ಪದ ಬೇಕು. ನಮ್ಮಜ್ಜಿ ‘ಕರುಳ ಬಳ್ಳಿ’ ಅನ್ನುತ್ತಿದ್ದರು. ಮಗನ ಮಕ್ಕಳನ್ನೂ ಹಾಗೇ ಅನ್ನುತ್ತಿದ್ದರು, ಮಗಳ ಮಕ್ಕಳನ್ನೂ ಹಾಗೇ. ವಂಶ, ಮನೆತನ ಅಂದರೆ ಕೊಟ್ಟ ಹೆಣ್ಣು ಹೊರಗೆ ಉಳಿಯುತ್ತಾಳೆ. ಇದರಲ್ಲಿ ಉಳಿಯುವುದಿಲ್ಲ.

*

ತುಮಕೂರಿನಿಂದ:

ಕನ್ನಡ ಪದ, ಒಪ್ಪುತ್ತೇನೆ. ಆದರೆ ಅದು ಮಕ್ಕಳಿಗೆ ಹೇಳುವ ಮಾತು, ಹಿರಿಯರ ಪಟ್ಟಿಗಲ್ಲ.

*

ಮಧುಗಿರಿಯಿಂದ:

ಗೌರಿಬಿದನೂರಿನ ಅಮ್ಮ, ನಿಮಗೆ ಕೈ ಮುಗಿಯುತ್ತೇನೆ. ಇದೇ ಇರಲಿ.

ತುಮಕೂರಿನ ಹಿರಿಯರಿಗೆ ಒಂದು ಮಾತು. ಬಳ್ಳಿಗೆ ಕುಡಿಯೂ ಇದೆ, ಬುಡವೂ ಇದೆ. ಕುಡಿ ಹಿಡಿದು ಬುಡಕ್ಕೆ ಹೋಗುವುದೇ ನಾನು ಮಾಡುತ್ತಿರುವ ಕೆಲಸ. ನಮ್ಮ ತಾತನ ಟ್ರಂಕಿನಲ್ಲಿ ಒಂದು ಕ್ರಯಪತ್ರ ಸಿಕ್ಕಿದೆ. ಅಂಚನ್ನು ಗೆದ್ದಲು ತಿಂದಿದೆ, ಮಡಿಕೆ ಬಿಚ್ಚಿದರೆ ಪುಡಿ ಉದುರುತ್ತದೆ. ಅದರಲ್ಲಿ ಗಂಡಸರು ನಾಲ್ವರೂ ಬಿನ್ ಸಮೇತ ಇದ್ದಾರೆ. ಒಬ್ಬ ಹೆಂಗಸಿದ್ದಾಳೆ. ಅವಳ ಹೆಸರಿನ ಜಾಗವನ್ನೇ ಗೆದ್ದಲು ತಿಂದಿದೆ, ಉಳಿದಿರುವುದು ‘ಕೋಂ’, ಅದರ ಮುಂದೆ ಗಂಡನ ಹೆಸರು. ಎಡ ಮೂಲೆಯಲ್ಲಿ ಅವಳ ಹೆಬ್ಬೆಟ್ಟಿನ ಗುರುತು ಮಾತ್ರ ಸ್ಪಷ್ಟವಾಗಿದೆ. ಅವಳು ನನ್ನ ಮುತ್ತಜ್ಜಿ. ಅವಳ ಹೆಸರು ಗೊತ್ತಿರುವ ಯಾರಾದರೂ ಭಾನುವಾರ ಬರಬಹುದು ಅಂತಲೇ ಇಷ್ಟೆಲ್ಲ. ಫ್ಲೆಕ್ಸಿನಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.

ಬಿನ್ ಅನ್ನೂ ಕೋಂ ಅನ್ನೂ ಪತ್ರದಲ್ಲಿ ಇರುವ ಹಾಗೇ ಉಳಿಸುತ್ತೇನೆ, ಅದು ಬರೆದವರ ಮಾತು. ಮೇಲಿನ ಸಾಲು ಹೀಗೆ: ‘ನಮ್ಮ ಕರುಳ ಬಳ್ಳಿ: ಆರು ತಲೆಮಾರು. ನಿಮಗೆ ಗೊತ್ತಿರುವ ಹೆಸರು ಸೇರಿಸಿ.’

ಇನ್ನೊಂದೇ ಪ್ರಶ್ನೆ, ನಾಳೆ ಬೆಳಿಗ್ಗೆಯೊಳಗೆ ಹೇಳಿದರೆ ಸಾಕು. ‘ಕರುಳ ಬಳ್ಳಿ’ ಬಿಡಿಸಿ ಬರೆಸಲೋ, ‘ಕರುಳಬಳ್ಳಿ’ ಕೂಡಿಸಿ ಬರೆಸಲೋ? ಪ್ರಿಂಟ್ ಮಾಡುವ ಹುಡುಗ ಎರಡನ್ನೂ ಹಾಕಿ ತೋರಿಸಿದ. ನನಗೆ ಬಿಡಿಸಿದ್ದೇ ದೂರದಿಂದ ಚೆನ್ನಾಗಿ ಕಾಣಿಸಿತು.