ಸಹಾಯ ಬೇಕು: ಡೆಂಟಿನ್ ಜೀನ್‌ಗಳ ಬಗ್ಗೆ ಎರಡು ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ದಂತವೈದ್ಯಕೀಯ ಅಥವಾ ಜೀವರಸಾಯನ ಓದಿದವರು ಯಾರಾದರೂ ಇದ್ದರೆ ಸ್ವಲ್ಪ ನೋಡಿ. ಹಲ್ಲಿನ ಡೆಂಟಿನ್ (ಎನಾಮೆಲ್ ಕೆಳಗಿನ ಗಟ್ಟಿ ಪದರ) ಹೇಗೆ ರೂಪುಗೊಳ್ಳುತ್ತದೆ ಅನ್ನೋದರ ಮೇಲೆ ಸೆಮಿನಾರ್ ಕೊಡಬೇಕು.

ಶುರುವಿನ ಭಾಗ ಸಲೀಸು. ಡೆಂಟಿನ್ ಕಟ್ಟುವ ಓಡಾಂಟೋಬ್ಲಾಸ್ಟ್ ಕೋಶಗಳು ಮೊದಲು ಖನಿಜವಿಲ್ಲದ ಪ್ರಿಡೆಂಟಿನ್ ಪದರ ಹಾಕುತ್ತವೆ. ಅದರಲ್ಲಿ ಹೆಚ್ಚಿನ ಪಾಲು ಟೈಪ್ 1 ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್. ಆಮೇಲೆ ಖನಿಜ ಸೇರಿ ಗಟ್ಟಿಯಾಗುತ್ತದೆ.

ತಲೆ ತಿನ್ನುತ್ತಿರುವುದು ಡೆಂಟಿನ್‌ಗೆ ಬೇಕಾದ ಪ್ರೋಟೀನ್ ಕೊಡುವ ಡಿಎಸ್‌ಪಿಪಿ (DSPP) ಜೀನ್. ಇದು 4ನೇ ಕ್ರೋಮೋಸೋಮ್‌ನಲ್ಲಿದೆ. ಮೊದಲು ಒಂದು ಉದ್ದನೆಯ ಪ್ರೋಟೀನ್ ತಯಾರಾಗುತ್ತದೆ, ನಂತರ ಅದು ತುಂಡಾಗಿ ಡಿಎಸ್‌ಪಿ (DSP), ಡಿಪಿಪಿ (DPP) ಎಂಬ ಚಿಕ್ಕ ಪ್ರೋಟೀನ್‌ಗಳಾಗುತ್ತದೆ. ಡಿಪಿಪಿಯಲ್ಲಿ ಸೆರೀನ್ ಮತ್ತು ಆಸ್ಪಾರ್ಟಿಕ್ ಆಮ್ಲ ಎಂಬ ಅಮೈನೋ ಆಮ್ಲಗಳು ವಿಪರೀತ ಜಾಸ್ತಿ. ಸೆರೀನ್‌ಗಳಿಗೆ ಫಾಸ್ಫೇಟ್ ಅಂಟಿಕೊಂಡ ಮೇಲೆ ಅದು ಕ್ಯಾಲ್ಸಿಯಂ ಅನ್ನು ಚೆನ್ನಾಗಿ ಹಿಡಿಯುತ್ತದೆ. ಈ ಜೀನ್ ಕೆಟ್ಟರೆ ಡೆಂಟಿನೋಜೆನೆಸಿಸ್ ಇಂಪರ್ಫೆಕ್ಟಾ ಟೈಪ್ 2, ಟೈಪ್ 3, ಜೊತೆಗೆ ಡೆಂಟಿನ್ ಡಿಸ್‌ಪ್ಲೇಸಿಯಾ ಟೈಪ್ 2 ಎಂಬ, ಡೆಂಟಿನ್ ಸರಿಯಾಗಿ ಬೆಳೆಯದ ಕಾಯಿಲೆಗಳು ಬರುತ್ತವೆ. ಒಂದೇ ಜೀನ್‌ಗೆ ಇಷ್ಟೊಂದು ಹೆಸರು! ನನಗಂತೂ ಇವು ಒಂದೇ ತೊಂದರೆಯ ಹಗುರ ಮತ್ತು ತೀವ್ರ ರೂಪಗಳು ಅನ್ನಿಸುತ್ತದೆ. ಸೆಮಿನಾರ್‌ನಲ್ಲಿ ಹಾಗೆ ಒಟ್ಟಿಗೆ ಹೇಳಬಹುದಾ, ಅಥವಾ ಹಳೆಯ ವಿಂಗಡಣೆಯನ್ನೇ ಇಟ್ಟುಕೊಳ್ಳಬೇಕಾ?

ಇನ್ನೊಂದು, ಡೆಂಟಿನ್ ಮತ್ತು ಮೂಳೆಯಲ್ಲಿ ಕೆಲಸ ಮಾಡುವ ಡಿಎಂಪಿ1 (DMP1) ಜೀನ್. ಇದು ಇಲ್ಲದಿದ್ದರೆ ಎಫ್‌ಜಿಎಫ್23 (FGF23) ಎಂಬ ಹಾರ್ಮೋನ್ ಏರುತ್ತದೆ, ಮೂತ್ರದಲ್ಲಿ ಫಾಸ್ಫೇಟ್ ಹೋಗಿ ರಕ್ತದಲ್ಲಿ ಕಡಿಮೆಯಾಗುತ್ತದೆ, ಮೂಳೆ ಮೆತ್ತಗಾಗುವ ರಿಕೆಟ್ಸ್ ಬರುತ್ತದೆ. ಹಾಗಾದರೆ ಡೆಂಟಿನ್ ಕೆಡುವುದು ಫಾಸ್ಫೇಟ್ ಸಾಲದೆಯೋ, ಹಲ್ಲಿನೊಳಗೇ ಡಿಎಂಪಿ1 ಇಲ್ಲದ್ದಕ್ಕೋ? ಎರಡನ್ನೂ ಬೇರ್ಪಡಿಸಿ ನೋಡಿದ ಇಲಿ ಪ್ರಯೋಗ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಉಚಿತವಾಗಿ ಓದಲು ಸಿಗುವ ಪೇಪರ್ ಆದರೆ ಇನ್ನೂ ಒಳ್ಳೆಯದು. ಪ್ರಿಡೆಂಟಿನ್ ಸ್ಪಷ್ಟವಾಗಿ ಕಾಣುವ ಸ್ಲೈಡ್ ಫೋಟೋ ಇದ್ದವರೂ ಹಂಚಿಕೊಳ್ಳಿ.