ಪುಣ್ಯಕೋಟಿ ಪೆದ್ದಿ ಅಲ್ಲ ಮಗಾ

ಎಲ್ಲರಿಗೂ ನಮಸ್ಕಾರ. ಈಗಷ್ಟೇ ತೋಟದಿಂದ ಬಂದು ಫೋನ್ ನೋಡಿದೆ. ನಿನ್ನೆ ರಾತ್ರಿಯಿಂದ ಗ್ರೂಪಿನಲ್ಲಿ ಇಷ್ಟೆಲ್ಲ ಮಾತಾಗಿದೆ ಅಂತ ಗೊತ್ತಿರಲಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಅಡುಗೆ ಮಾಡುತ್ತಲೋ ಬಸ್ಸಿನಲ್ಲೋ ನಿಧಾನವಾಗಿ ಕೇಳಿ.

ನೋಡದೆ ಇದ್ದವರಿಗೆ ಹೇಳುತ್ತೇನೆ. ಹುತ್ತರಿ ಹಬ್ಬಕ್ಕೆ ಎಲ್ಲರೂ ನಮ್ಮ ಹಿರಿಯರ ಐನ್‌ಮನೆಗೆ ಬರುತ್ತೇವಲ್ಲ, ಮಾರನೇ ದಿನ ಮಕ್ಕಳು ಗೋವಿನ ಹಾಡನ್ನು ನಾಟಕ ಮಾಡುತ್ತಾರೆ. ನಮ್ಮ ಪುಟ್ಟಿ ಪುಣ್ಯಕೋಟಿ. ಅದಕ್ಕೆ ನನ್ನ ತಮ್ಮನ ಮಗ ಬೆಂಗಳೂರಿನಿಂದ ಬರೆದಿದ್ದಾನೆ: ಈ ಕಥೆ ಮಕ್ಕಳಿಗೆ ಬೇಡ, ತಪ್ಪಿಸಿಕೊಂಡು ಬಂದ ಹಸು ತಾನಾಗಿ ವಾಪಸ್ ಹೋಗಿ ಹುಲಿಯ ಮುಂದೆ ನಿಲ್ಲುವುದು ಪೆದ್ದುತನ, ಒಳ್ಳೆಯವರು ಅಂದರೆ ಸುಮ್ಮನೆ ತಲೆ ಕೊಡುವವರು ಅಂತ ಕಲಿಸಿದ ಹಾಗಾಗುತ್ತದೆ, ಅದರಲ್ಲೂ ಹೆಣ್ಣುಮಕ್ಕಳಿಗೆ. ಕೆಳಗೆ ಇನ್ನೊಬ್ಬರು, ನಮ್ಮ ಕಡೆ ಹುಲಿ ನಿಜವಾಗಿಯೇ ಹಸು ಹಿಡಿಯುತ್ತಿದೆ, ಈಗ ಈ ನಾಟಕ ಬೇಕಾ ಅಂತ ಕೇಳಿದ್ದಾರೆ.

ಮಗಾ, ನಿನ್ನ ಮೇಲೆ ನನಗೆ ಬೇಸರ ಇಲ್ಲ. ಆ ಹೆಣ್ಣುಮಗುವಿನ ಬಗ್ಗೆ ಯೋಚನೆ ಮಾಡಿಯೇ ನೀನು ಬರೆದದ್ದು. ಆದರೆ ನೀನು ಕಥೆಯನ್ನು ಓದಿದ ರೀತಿ ಸರಿ ಇಲ್ಲ ಅಂತ ನನಗೆ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಹುಲಿಯ ವಿಷಯ. ದಕ್ಷಿಣ ಕೊಡಗಿನಲ್ಲಿ, ನಾಗರಹೊಳೆ ಅಂಚಿನಲ್ಲಿ ಇರುವ ನಮಗೆ ಹುಲಿ ಅಂದರೆ ಪುಸ್ತಕದ ಚಿತ್ರ ಅಲ್ಲ. ಹೋದ ವರ್ಷ ಪಕ್ಕದ ಮನೆಯವರ ಗಬ್ಬದ ಹಸು ಹೋಯಿತು. ಬೆಳಿಗ್ಗೆ ತೋಟದ ಮಧ್ಯೆ ಸಿಕ್ಕಿತು. ಆ ಮನೆಯ ಅಜ್ಜಿ ಎರಡು ದಿನ ಊಟ ಮಾಡಲಿಲ್ಲ. ಕ್ಯಾಮೆರಾ ಕಟ್ಟಿದರು, ಬೋನು ಇಟ್ಟರು, ಒಂದು ವಾರ ನಾವು ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಲಿಲ್ಲ. ಆ ಹುಲಿಯ ಹತ್ತಿರ ಯಾರೂ ಸತ್ಯದ ಮಾತಾಡಲು ಹೋಗುವುದಿಲ್ಲ. ಇದು ಪುಟ್ಟಿಗೂ ಗೊತ್ತು. ಸಂಜೆ ಆರಾದರೆ ಕೊಟ್ಟಿಗೆ ಬಾಗಿಲಿನ ಚಿಲಕ ಹಾಕುವವಳು ಅವಳೇ. ಹಾಡಿನ ಹುಲಿ ಬೇರೆ, ಕಾಡಿನ ಹುಲಿ ಬೇರೆ ಅಂತ ಅವಳಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಮಕ್ಕಳಿಗೆ ಇದು ಹೇಗೆ ಗೊತ್ತಾಗುತ್ತದೆ ಅಂತೀಯಾ? ಹೋದ ತಿಂಗಳು ಕಾವೇರಿ ಸಂಕ್ರಮಣ ಆಯಿತಲ್ಲ. ಸೌತೆಕಾಯಿಯೋ ತೆಂಗಿನಕಾಯಿಯೋ ಒಂದನ್ನು ಇಟ್ಟು, ಕೆಂಪು ಬಟ್ಟೆ ಸುತ್ತಿ, ಮನೆಯ ಒಡವೆ ಹಾಕಿ, ಕಾವೇರಮ್ಮ ಅಂತ ಕೂರಿಸುತ್ತೇವೆ. ಇವತ್ತಿನವರೆಗೆ ಯಾವ ಮಗುವೂ 'ಇದು ಬರೀ ಸೌತೆಕಾಯಿ' ಅಂದದ್ದು ನಾನು ಕೇಳಿಲ್ಲ. ಸೌತೆಕಾಯಿ ನದಿ ಅಂತಲೂ ಅವು ತಿಳಿಯುವುದಿಲ್ಲ. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಂಡು ಕೈ ಮುಗಿಯುತ್ತವೆ. ಇಂಥ ಕಥೆಗಳನ್ನೂ ಹಾಗೇ ಕೇಳಬೇಕು. ಪುಣ್ಯಕೋಟಿ ಒಂದು ಹಸು ಹೌದು. ಆದರೆ ಹಸುಗಳು ಹುಲಿಯ ಹತ್ತಿರ ಹೇಗೆ ನಡೆದುಕೊಳ್ಳಬೇಕು ಅಂತ ಹೇಳಲು ಅವಳನ್ನು ಯಾರೂ ಹಾಡಿನಲ್ಲಿ ತಂದಿಲ್ಲ. ಕೊಟ್ಟ ಮಾತು ಅನ್ನುವುದಕ್ಕೆ ನಾಲ್ಕು ಕಾಲು ಬಂದರೆ ಅದು ಹೇಗೆ ನಡೆದೀತು? ಅದನ್ನು ತೋರಿಸಲು ತಂದಿದ್ದಾರೆ.

ಈಗ ನಿನ್ನ ಮಾತಿಗೆ ಬರುತ್ತೇನೆ. ಒಳ್ಳೆಯವಳು ಅಂದರೆ ತಲೆ ಕೊಡುವವಳಾ?

ಮೊನ್ನೆ ಅಭ್ಯಾಸ ಮಾಡಿಸುವಾಗ ಪುಟ್ಟಿ ಒಂದು ಪ್ರಶ್ನೆ ಕೇಳಿದಳು. ಅದು ನಿನ್ನ ಪ್ರಶ್ನೆಗಿಂತ ಕಷ್ಟ. 'ಅಜ್ಜಿ, ಹುಲಿಗೆ ಕೊಟ್ಟ ಮಾತು ಉಳಿಸಿದಳು ಸರಿ. ಕರು? ಅದಕ್ಕೆ ಅಮ್ಮ ಬೇಡವಾ?' ಅಂದಳು. ನನಗೆ ಕೂಡಲೇ ಉತ್ತರ ಬರಲಿಲ್ಲ. ರಾತ್ರಿ ಮಲಗಿ ಇಡೀ ಹಾಡನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಆಗ ಗೊತ್ತಾಯಿತು, ಹಾಡು ಆ ಪ್ರಶ್ನೆಯನ್ನು ಬಿಟ್ಟಿಲ್ಲ. ಕರು ಅದನ್ನೇ ಕೇಳುತ್ತದೆ. ಯಾರ ಹಾಲು ಕುಡಿಯಲಿ, ಯಾರ ಪಕ್ಕ ಮಲಗಲಿ, ನನಗೆ ಇನ್ನು ಯಾರು ಅಂತ. ಸುಮ್ಮನೆ ಇಲ್ಲೇ ಇದ್ದುಬಿಡು ಅಂತಲೂ ಹೇಳುತ್ತದೆ. ಆಮೇಲೆ ತಾಯಿ ಒಬ್ಬೊಬ್ಬರ ಹತ್ತಿರ ಕೇಳಿಕೊಳ್ಳುತ್ತಾಳೆ. ಅಕ್ಕ ತಂಗಿಯರೇ, ಇದು ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ, ನಿಮ್ಮ ಕಂದ ಅಂತ ನೋಡಿಕೊಳ್ಳಿ.

ಈ ಭಾಗ ಬಂದಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ. ನಮ್ಮ ಅಮ್ಮ ಆಸ್ಪತ್ರೆಗೆ ಹೋಗುವ ಮೊದಲು ಚಿಕ್ಕಮ್ಮಂದಿರ ಕೈ ಹಿಡಿದು ನಮ್ಮನ್ನು ಒಪ್ಪಿಸಿದ್ದು ನೆನಪಾಗುತ್ತದೆ. ಗ್ರೂಪಿನಲ್ಲಿ ಇರುವ ದೊಡ್ಡವರಿಗೆ ಆ ದಿನ ಗೊತ್ತಿದೆ.

ಅಂದರೆ ಪುಣ್ಯಕೋಟಿಗೆ ಭಯ ಇಲ್ಲ, ಪ್ರೀತಿ ಇಲ್ಲ, ಬರೀ ನಿಯಮ ಇದೆ ಅಂತ ಅಲ್ಲ. ಅವಳಿಗೆ ಏನೆಲ್ಲ ಕಳೆದುಹೋಗುತ್ತದೆ ಅಂತ ಹಾಡು ಒಂದೊಂದಾಗಿ ಎಣಿಸುತ್ತದೆ. ಎಣಿಸಿದ ಮೇಲೆ ಅವಳು ಹೊರಡುತ್ತಾಳೆ. ಪುಟ್ಟ ಮಕ್ಕಳಿಗೆ ಅಂತ ಹಾಡನ್ನು ಚಿಕ್ಕದು ಮಾಡುವಾಗ ಈ ಭಾಗವನ್ನೇ ಕತ್ತರಿಸುತ್ತಾರೆ ನೋಡು, ಆಗಲೇ ಅವಳು ಪೆದ್ದಿಯ ಹಾಗೆ ಕಾಣುವುದು. ಕರುವಿನ ಅಳು ಇಲ್ಲದೆ ಅವಳ ಮಾತಿಗೆ ತೂಕ ಎಲ್ಲಿಂದ ಬರಬೇಕು? ನಮ್ಮ ನಾಟಕದಲ್ಲಿ ಅದನ್ನು ಕತ್ತರಿಸಬಾರದು ಅಂತ ಇವಳಮ್ಮನಿಗೆ ಆಗಲೇ ಹೇಳಿದ್ದೇನೆ.

ಇನ್ನೊಂದು ವಿಷಯ ಇದೆ. ಅದನ್ನು ನಾನು ಕಂಡುಕೊಂಡದ್ದು ಆ ರಾತ್ರಿಯೇ. ಇಷ್ಟು ವರ್ಷ ಹಾಡಿದ್ದೇನೆ, ಗಮನಿಸಿಯೇ ಇರಲಿಲ್ಲ. ಮಾತಿಗೆ ತಪ್ಪಿ ನಡೆದರೆ 'ಮೆಚ್ಚನಾ ಪರಮಾತ್ಮನು' ಅಂತ ಹಸು ಹೇಳುತ್ತಾಳೆ. ಇದು ಎಲ್ಲರಿಗೂ ಬಾಯಿಗೆ ಬರುತ್ತದೆ. ಕೊನೆಯಲ್ಲಿ ಇವಳನ್ನು ಕೊಂದು ತಿಂದರೆ 'ಮೆಚ್ಚನಾ ಪರಮಾತ್ಮನು' ಅನ್ನುವುದು ಯಾರು? ಹುಲಿ! ಅದೇ ಎರಡು ಪದ. ಹುಲಿಯ ಬಾಯಿಗೆ ಹಸು ಹೋಗಲಿಲ್ಲ, ಹಸುವಿನ ಮಾತು ಹೋಯಿತು. ವಾಪಸ್ ಬಂದು ಅವಳು ಉಪದೇಶ ಮಾಡುವುದಿಲ್ಲ. ಬೇಡಿಕೊಳ್ಳುವುದೂ ಇಲ್ಲ. ಇಕೋ ಮಾಂಸ, ಇಕೋ ರಕ್ತ, ತಗೋ ಅಂತ ನಿಲ್ಲುತ್ತಾಳೆ ಅಷ್ಟೆ. ಹುಲಿ ಅರ್ಭುತ ಅಳುತ್ತಾನೆ. ನೀನು ನನ್ನ ಒಡಹುಟ್ಟಿದ ಅಕ್ಕ ಅನ್ನುತ್ತಾನೆ. ಹಾರಿ ನೆಗೆದು ಪ್ರಾಣ ಬಿಡುತ್ತಾನೆ.

ಹಾಗಾದರೆ ಈ ಕಥೆಯಲ್ಲಿ ಬದಲಾದವರು ಯಾರು? ಪುಣ್ಯಕೋಟಿ ಶುರುವಿನಲ್ಲಿ ಹೇಗಿದ್ದಳೋ ಕೊನೆಯಲ್ಲೂ ಹಾಗೇ ಇದ್ದಾಳೆ. ಅಲುಗಿದವನು ಹುಲಿ. ಇಂಥ ಕಥೆಗಳಲ್ಲಿ ಒಳ್ಳೆಯ ಪಾತ್ರ ನಮ್ಮ ನಿಮ್ಮ ಹಾಗೆ ಪೂರ್ತಿ ಮನುಷ್ಯ ಅಲ್ಲ. ಒಂದೇ ಒಂದು ಗುಣ ಎದ್ದು ನಡೆದಾಡುತ್ತದೆ. ಅದು ಎದುರಿಗೆ ಬಂದಾಗ ಉಳಿದವರು ಏನು ಮಾಡಿದರು ಅನ್ನುವುದರಲ್ಲೇ ಕಥೆ ಇರುತ್ತದೆ. ನಾನು ಹೇಳಬೇಕಾದ್ದು ಮುಖ್ಯವಾಗಿ ಇದೇ. ನೀನು ಹಸುವನ್ನು ಮಾತ್ರ ನೋಡಿದೆ, ಹುಲಿಯನ್ನು ನೋಡಲಿಲ್ಲ.

ನೀನು ಕಾಲೇಜಿನಲ್ಲಿ ಅನಿಮಲ್ ಫಾರ್ಮ್ ಓದಿದ್ದೀಯಲ್ಲ? ಆರ್ವೆಲ್ ಬರೆದದ್ದು, 1945ರಲ್ಲಿ ಪ್ರಕಟವಾಯಿತು. ಮನುಷ್ಯರನ್ನು ಓಡಿಸಿ ಪ್ರಾಣಿಗಳೇ ತೋಟ ನಡೆಸುತ್ತವೆ, ಹಂದಿಗಳು ನಾಯಕರಾಗುತ್ತವೆ. ಅದರಲ್ಲಿ ಬಾಕ್ಸರ್ ಅಂತ ಒಂದು ಕುದುರೆ ಬರುತ್ತದೆ. ಅದಕ್ಕಿಂತ ಒಳ್ಳೆಯ ಜೀವ ಆ ಇಡೀ ತೋಟದಲ್ಲಿ ಇಲ್ಲ. ಏನು ತೊಂದರೆ ಬಂದರೂ ನಾನು ಇನ್ನೂ ಜಾಸ್ತಿ ದುಡಿಯುತ್ತೇನೆ ಅನ್ನುತ್ತದೆ. ನಾಯಕ ಹೇಳಿದ್ದೇ ಸರಿ ಅಂತಲೂ ಅನ್ನುತ್ತದೆ. ಕೊನೆಗೆ ಕೈಲಾಗದೆ ಬಿದ್ದಾಗ ಹಂದಿಗಳು ಅದನ್ನು ಕಟುಕನಿಗೆ ಮಾರುತ್ತವೆ. ಅದನ್ನು ಒಯ್ಯಲು ಬಂದ ಗಾಡಿಯ ಮೇಲೆ ಬರೆದದ್ದನ್ನು ಓದಿ ಹೇಳುವುದು ಕತ್ತೆ. ಅದಕ್ಕೆ ಮೊದಲಿಂದಲೂ ಓದು ಬರುತ್ತಿತ್ತು, ಆದರೆ ಅಲ್ಲಿಯವರೆಗೆ ಸುಮ್ಮನೆ ಇತ್ತು. ಬಾಯಿ ಬಿಟ್ಟಾಗ ತಡವಾಗಿತ್ತು. ನಿನ್ನ ಭಯ ಇದೇ ಅಂತ ನನಗೆ ಅರ್ಥ ಆಗುತ್ತದೆ. ಪುಟ್ಟಿ ಬಾಕ್ಸರ್ ಆಗಬಾರದು. ನಾನೂ ಅದನ್ನೇ ಹೇಳುತ್ತೇನೆ.

ಆದರೆ ಎರಡರ ನಡುವೆ ಇರುವ ವ್ಯತ್ಯಾಸ ನೋಡು. ಬಾಕ್ಸರ್ ತನ್ನ ಒಳ್ಳೆಯತನವನ್ನು ಬೇರೆಯವರ ಕೈಗೆ ಕೊಟ್ಟಿತ್ತು. ಯಾವುದು ಸರಿ ಅಂತ ಯೋಚಿಸುವ ಕೆಲಸವನ್ನೂ ಅವರಿಗೇ ಬಿಟ್ಟಿತ್ತು. ಪುಣ್ಯಕೋಟಿ ಯಾರ ಮಾತನ್ನೂ ಪಾಲಿಸುತ್ತಿಲ್ಲ. ಹೋಗಬೇಡ ಅಂತ ತನ್ನವರೇ ಅಂದರೂ ಹೋಗುತ್ತಾಳೆ. ಅದು ಅವಳೇ ಕೊಟ್ಟ ಮಾತು, ಅವಳೇ ಉಳಿಸಿದ್ದು. ಹಂದಿಗಳ ಮುಂದೆ ಬಾಕ್ಸರ್‌ನ ಒಳ್ಳೆಯತನ ಅವುಗಳ ಹೊಟ್ಟೆಯನ್ನು ತೋರಿಸಿತು. ಹುಲಿಯ ಮುಂದೆ ಪುಣ್ಯಕೋಟಿಯ ಒಳ್ಳೆಯತನ ಹುಲಿಯ ಒಳಗೆ ಇದ್ದ ಇನ್ನೊಂದು ಜೀವವನ್ನು ತೋರಿಸಿತು. ಎರಡೂ ನಿಜ. ಎರಡೂ ಮಕ್ಕಳಿಗೆ ಬೇಕು, ಸ್ವಲ್ಪ ದೊಡ್ಡವರಾದ ಮೇಲೆ ಬಾಕ್ಸರ್ ಕಥೆಯನ್ನು ನೀನೇ ಹೇಳು.

ಇನ್ನೂ ಹಳೆಯದು ಒಂದಿದೆ. ಜಾನ್ ಬನ್ಯನ್ ಅನ್ನುವವನ ಪಿಲ್‌ಗ್ರಿಮ್ಸ್ ಪ್ರೋಗ್ರೆಸ್, 1678ರದ್ದು. ಧರ್ಮದ ಮಾತಾಡಿದ ಅಂತ ಜೈಲಿಗೆ ಹಾಕಿಸಿಕೊಂಡಿದ್ದ ಮನುಷ್ಯ. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು ಅದನ್ನು ಹಿಂದೆಯೇ ಕನ್ನಡಕ್ಕೆ ತಂದಿದ್ದರು. ದೇವರ ಊರಿಗೆ ಹೊರಟ ಒಬ್ಬ ಯಾತ್ರಿಕನ ಕಥೆ ಅದು, ಪಾತ್ರಗಳ ಹೆಸರೇ ಗುಣದ ಹೆಸರು. ಯಾತ್ರಿಕನ ಜೊತೆಗಾರನೊಬ್ಬನ ಹೆಸರಿನ ಅರ್ಥ ನಂಬಿಗಸ್ತ ಅಂತ. ಒಂದು ಜಾತ್ರೆಯ ಊರಿನಲ್ಲಿ ಅವನನ್ನು ಹಿಡಿದು, ಸುಳ್ಳು ಸಾಕ್ಷಿ ಹೇಳಿಸಿ, ಸುಟ್ಟು ಕೊಲ್ಲುತ್ತಾರೆ. ಅಲ್ಲಿಗೆ ಮುಗಿಯಿತು ಅಂದುಕೊಳ್ಳುವಾಗ ಅದೇ ಊರಿನವನೊಬ್ಬ ಇದನ್ನೆಲ್ಲ ನೋಡಿ ಎದ್ದು ಬರುತ್ತಾನೆ. ಅವನ ಹೆಸರು ಭರವಸೆ. ನೋಡುತ್ತಾ ನಿಂತಿದ್ದವನು ಯಾತ್ರಿಕನ ಪ್ರಯಾಣಕ್ಕೆ ಜೊತೆಯಾಗುತ್ತಾನೆ. ಅಲ್ಲೂ ಹಾಗೇ ಅಲ್ವಾ? ಒಳ್ಳೆಯವನು ಏನಾದ ಅನ್ನುವಷ್ಟೇ, ಅವನನ್ನು ನೋಡಿದವರು ಏನಾದರು ಅನ್ನುವುದೂ ಮುಖ್ಯ.

ಹೆಣ್ಣುಮಕ್ಕಳಿಗೆ ತಲೆ ತಗ್ಗಿಸಲು ಕಲಿಸುತ್ತೇವೆ ಅಂದೆಯಲ್ಲ, ಅದು ನನಗೆ ನಿಜವಾಗಿ ಚುಚ್ಚಿತು. ಯಾಕೆಂದರೆ ನಾವು ಕೊಡಗಿನವರು. ನಮ್ಮ ದೊಡ್ಡ ಕಥೆಯೇ ಎದ್ದು ಹೋದ ಹೆಣ್ಣಿನ ಕಥೆ. ಕಾವೇರಿ ಅಗಸ್ತ್ಯರನ್ನು ಮದುವೆ ಆಗುವಾಗ ಒಂದು ಷರತ್ತು ಹಾಕಿದ್ದಳು, ನನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದು ಅಂತ. ಒಂದು ದಿನ ಅವರು ಅವಳನ್ನು ಕಮಂಡಲದಲ್ಲಿ ಬಿಟ್ಟು ಸ್ನಾನಕ್ಕೆ ಹೋದರು. ಮಾತು ಮುರಿಯಿತು. ಅವಳು ಉಕ್ಕಿ ಹರಿದಳು. ಶಿಷ್ಯರು ತಡೆದರು, ನಿಲ್ಲಲಿಲ್ಲ. ಬಲಮುರಿಯಲ್ಲಿ ನಮ್ಮ ಜನರೇ ಅಡ್ಡ ನಿಂತರು, ಆಗಲೂ ನಿಲ್ಲಲಿಲ್ಲ. ಆ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಹೋಯಿತು ಅಂತ ಹೇಳುತ್ತೇವೆ. ಇವತ್ತಿಗೂ ಕೊಡವ ಹೆಂಗಸರು ನೆರಿಗೆ ಹಿಂದಕ್ಕೆ ಇಟ್ಟೇ ಸೀರೆ ಉಡುತ್ತಾರೆ.

ಪುಣ್ಯಕೋಟಿ ಕೊಟ್ಟ ಮಾತಿಗಾಗಿ ವಾಪಸ್ ಹೋದಳು. ಕಾವೇರಿ ಮುರಿದ ಮಾತಿಗಾಗಿ ಬಿಟ್ಟು ಹೋದಳು. ಒಬ್ಬಳು ಮರಳಿದಳು, ಇನ್ನೊಬ್ಬಳು ತಿರುಗಿಯೂ ನೋಡಲಿಲ್ಲ. ಆದರೆ ಇಬ್ಬರಿಗೂ ಮಾತು ಅಂದರೆ ಮಾತು. ಇಬ್ಬರನ್ನೂ ನಾವು ತಾಯಿ ಅಂತಲೇ ಕರೆಯುತ್ತೇವೆ. ಒಳ್ಳೆಯತನ ಅಂದರೆ ತಗ್ಗಿ ನಡೆಯುವುದು ಮಾತ್ರ ಆಗಿದ್ದರೆ ಕಾವೇರಿಗೆ ನಾವು ಪೂಜೆ ಮಾಡುತ್ತಿರಲಿಲ್ಲ ಮಗಾ. ಪುಟ್ಟಿಗೆ ಈ ಎರಡೂ ಕಥೆಗಳನ್ನು ಒಂದೇ ರಾತ್ರಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ನೆ ಇದ್ದಳು. ಆಮೇಲೆ, 'ಹುಲಿ ಮಾತು ಮುರಿದಿದ್ದರೆ ಪುಣ್ಯಕೋಟಿ ಹಾಯುತ್ತಿದ್ದಳು ಅಲ್ವಾ ಅಜ್ಜಿ?' ಅಂದಳು. ಹೌದು, ಕೊಂಬು ಇದೆಯಲ್ಲ ಅಂದೆ.

ಕರುವಿನ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಅದನ್ನು ಅವಳಿಗೂ ಹೇಳಿದೆ. ತಾಯಿ ಹೋದದ್ದು ಸರಿ, ಕರು ಅತ್ತದ್ದೂ ಸರಿ. ಹಾಡು ಎರಡನ್ನೂ ಹಾಗೇ ಇಟ್ಟಿದೆ. ಅವಳಿಗೆ ಅದು ಒಪ್ಪಿಗೆ ಆಯಿತೋ ಇಲ್ಲವೋ ಗೊತ್ತಿಲ್ಲ, ಆದರೆ ಮಾರನೇ ದಿನ ಬೆಳಿಗ್ಗೆ ಬಂದು ಒಂದು ಬದಲಾವಣೆ ಬೇಕು ಅಂದಳು. ಅಮ್ಮ ಹೊರಟಾಗ ಕರು ಒಂಟಿಯಾಗಿ ನಿಲ್ಲಬಾರದಂತೆ. ಉಳಿದ ಹಸುಗಳೆಲ್ಲ ಬಂದು ಅದರ ಪಕ್ಕ ಕೂರಬೇಕಂತೆ. ಆದ್ದರಿಂದ ಸಣ್ಣ ಮಕ್ಕಳು ಯಾರ್ಯಾರು ಬರುತ್ತಿದ್ದಾರೆ ಅಂತ ಇವತ್ತೇ ತಿಳಿಸಿ, ಎಲ್ಲರಿಗೂ ಪಾರ್ಟು ಇದೆ. ಅಟ್ಟದಲ್ಲಿ ಇದ್ದ ಹಳೆಯ ಹಸುವಿನ ಗಂಟೆ ಯಾರ ಮನೆಗೆ ಹೋಗಿದೆಯೋ ಅವರು ಮರೆಯದೆ ತನ್ನಿ.

ಮಗಾ, ಇನ್ನೂ ಹುಲಿ ಸಿಕ್ಕಿಲ್ಲ. ಹುಡುಗರೆಲ್ಲ ಗರ್ಜಿಸಲು ರೆಡಿ ಇದ್ದಾರೆ, ಆದರೆ ಕೊನೆಯಲ್ಲಿ ಅಳಬೇಕು ಅಂದರೆ ಹಿಂದೆ ಸರಿಯುತ್ತಾರೆ. ಇಡೀ ನಾಟಕ ನಿಂತಿರುವುದು ಆ ಅಳುವಿನ ಮೇಲೆ. ಪುಟ್ಟಿ ನಿನ್ನ ಹೆಸರು ಹೇಳಿದಳು. ಮಾವ ಮಾಡಿದರೆ ನನಗೆ ಹೆದರಿಕೆ ಆಗಲ್ಲ ಅಂದಳು. ನೀನು ಹುತ್ತರಿಯ ಹಿಂದಿನ ದಿನವೇ ಬಂದರೆ ಎರಡು ಸಲ ಅಭ್ಯಾಸ ಮಾಡಬಹುದು. ಬರುತ್ತೀಯಾ ಹೇಳು.