ಹೊಲಿಗೆ ಲೈನ್ ಮೇಲೆ ಎಐ ಕ್ಯಾಮೆರಾ, ಏನು ಮಾಡೋದು?

ಪ್ರಶ್ನೆ: ಮಂಡ್ಯ ಹತ್ತಿರ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ನಾನು. ಎರಡು ತಿಂಗಳಿಂದ ಎಐ ಕ್ಯಾಮೆರಾ ಪೀಸ್ ಎಣಿಸಿ, ಹಿಂದೆ ಬಿದ್ದವರ ಟೇಬಲ್ ಮೇಲೆ ಕೆಂಪು ದೀಪ ಹೊತ್ತಿಸುತ್ತೆ. ಟಾಯ್ಲೆಟ್‌ಗೆ ಎದ್ದರೆ ದೀಪ ಬರುತ್ತಲ್ವಾ, ಅದಕ್ಕೆ ಹೆಣ್ಮಕ್ಕಳು ನೀರೇ ಕುಡಿಯುತ್ತಿಲ್ಲ. ಮೊನ್ನೆ ಕಾಲರ್ ಹೊಲಿಯೋ ಅಕ್ಕನ ಬೆರಳಿಗೆ ಸೂಜಿ ಹೊಕ್ಕಿತು. ನೋಡಿದರೆ ಸ್ಪೀಡ್‌ಗೋಸ್ಕರ ನೀಡಲ್ ಗಾರ್ಡ್ ಬಿಚ್ಚಿಟ್ಟಿದ್ದಾರೆ! ಮ್ಯಾನೇಜ್‌ಮೆಂಟ್‌ಗೆ ಏನಂತ ಹೇಳಲಿ?

ಉತ್ತರ 1: ಮೊದಲು ದೀಪ ಆಫ್ ಮಾಡಿಸಿ. ಲೆಕ್ಕ ಬೇಕಿದ್ದರೆ ಇಡೀ ಲೈನ್‌ದು ಇರಲಿ, ಒಬ್ಬೊಬ್ಬರದ್ದು ಬೇಡ. ಇಲ್ಲಿ ಮೈಸೂರಿನ ಹೆಬ್ಬಾಳದಲ್ಲಿ ನಾವು ಫೋರ್ಕ್‌ಲಿಫ್ಟ್‌ಗೆ ಎಐ ಕ್ಯಾಮೆರಾ ತಂದಾಗ ಒಂದೇ ಶಿಫ್ಟ್‌ನಲ್ಲಿ ಓಡಿಸಿ ನೋಡಿದೆವು, ಸುಮ್ಸುಮ್ನೆ ಎಷ್ಟು ಬಡ್ಕೊಳ್ತು ಅಂದ್ರೆ ಹುಡುಗರು ಬಜರ್‌ಗೆ ಟೇಪ್ ಅಂಟಿಸಿಬಿಟ್ಟಿದ್ದರು. ಓಡಿಸೋರನ್ನ ಮೊದಲೇ ಕೇಳಬೇಕಿತ್ತು.

ಉತ್ತರ 2: ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ. ಔದ್ಯೋಗಿಕ ಸುರಕ್ಷತೆ ಸಂಹಿತೆ ಅನ್ನೋ ಕೇಂದ್ರದ ಕಾನೂನು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಅಪಾಯವಿಲ್ಲದ ಕೆಲಸದ ಜಾಗ ಕೊಡೋದು ಮಾಲೀಕರ ಹೊಣೆ. ಯುರೋಪ್‌ನಲ್ಲಂತೂ ಕೆಲಸಗಾರರ ಮುಖ ನೋಡಿ ಸಿಟ್ಟು, ಬೇಜಾರು ಅಳೆಯೋ ಎಐಯನ್ನ 2025ರ ಫೆಬ್ರವರಿಯಿಂದ ನಿಷೇಧಿಸಿದ್ದಾರೆ, ವೈದ್ಯಕೀಯ, ಸುರಕ್ಷತೆ ಕಾರಣ ಬಿಟ್ಟು.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್. ಗಾರ್ಡ್ ಇವತ್ತೇ ಹಾಕಿಸಿದೆ. ದೀಪದ ಮಾತು ಸೋಮವಾರದ ಮೀಟಿಂಗ್‌ನಲ್ಲಿ, ಆ ಅಕ್ಕನನ್ನೂ ಕರ್ಕೊಂಡು ಹೋಗ್ತೀನಿ.